ಪಾರ್ಕಿನ ತಗ್ಗಿಗೆ ಮಣ್ಣು ಸುರೀಬೇಡಿ ಸಾರ್: ನಮ್ಮ ಕ್ಷೇತ್ರದ ಶಾಸಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ,

ಹೋದ ತಿಂಗಳು ನೀವು ನಮ್ಮ ಬಡಾವಣೆ ಪಾರ್ಕಿಗೆ ಬಂದಿದ್ರಿ, ಬೆಳಿಗ್ಗೆ ವಾಕಿಂಗ್ ಮಾಡೋರನ್ನೆಲ್ಲ ಕರೆದು ನಿಲ್ಲಿಸ್ಕೊಂಡು ಮಾತಾಡಿಸಿದ್ರಿ, ಮುಂದಿನ ಮಳೆಗಾಲಕ್ಕೆ ಇಲ್ಲಿ ಒಂದು ಹನಿ ನೀರು ನಿಲ್ಲಲ್ಲ ಅಂತ ಮಾತು ಕೊಟ್ರಿ. ಎಲ್ರೂ ಚಪ್ಪಾಳೆ ತಟ್ಟಿದ್ರು, ನಾನೂ ತಟ್ಟಿದೆ. ನೀವು ಹೊರಟ ಮೇಲೆ ಇಂಜಿನಿಯರ್ ಕೈಲಿದ್ದ ನಕ್ಷೆ ಕೇಳಿ ನೋಡಿದೆ. ಹಿಂದಿನ ಮೂಲೆ ತಗ್ಗಿಗೆ ಮೂರಡಿ ಮಣ್ಣು ತುಂಬಿಸೋದು, ಮೇಲೆ ಇಂಟರ್‌ಲಾಕ್ ಟೈಲ್ಸ್, ಅದರ ಮೇಲೆ ಓಪನ್ ಜಿಮ್, ಕಾಂಪೌಂಡ್ ಗೋಡೆ ಎತ್ತರಿಸೋದು, ಮಿಕ್ಕಿದ ನೀರಿಗೆ ಒಂದು ಪೈಪ್ ಹಾಕಿ ಸೀದಾ ರಾಜಕಾಲುವೆಗೆ, ಅಂದ್ರೆ ಮಳೆನೀರಿನ ದೊಡ್ಡ ಕಾಲುವೆಗೆ, ಬಿಡೋದು. ಅವತ್ತಿಂದ ಈ ಪತ್ರ ಮನಸ್ಸಲ್ಲೇ ಬರೀತಾ ಇದೀನಿ.

ನಾನು ಈ ಪಾರ್ಕಿನ ಪಕ್ಕದ ಬೀದೀಲಿ 22 ವರ್ಷದಿಂದ ಇದೀನಿ. ಇಲ್ಲಿ ನೀರು ಹೇಗೆ ಬರುತ್ತೆ ಅಂತ ಕಣ್ಣಾರೆ ನೋಡಿದೀನಿ, ಅದನ್ನೇ ಹೇಳ್ತೀನಿ, ದಯವಿಟ್ಟು ಪೂರ್ತಿ ಓದಿ. ಮೇನ್ ರೋಡಿಂದ ಪಾರ್ಕಿನ ಕಡೆ ಇಳಿಜಾರು. ಮೇಲೆ ಎರಡು ಬೈಕ್ ಗ್ಯಾರೇಜ್, ಒಂದು ವಾಟರ್ ಸರ್ವೀಸ್, ಕೋಳಿ ಅಂಗಡಿ, ದರ್ಶಿನಿ, ರಾತ್ರಿ ಗೋಬಿ ಗಾಡಿಗಳು. ಡಿಸೆಂಬರಿಂದ ಏಪ್ರಿಲ್‌ವರೆಗೆ ಮಳೆ ಇಲ್ದೇ ಇರೋ ನಾಲ್ಕೈದು ತಿಂಗಳಲ್ಲಿ ರೋಡ್ ಮೇಲೆ ಏನೇನು ಕೂರುತ್ತೋ, ಇಂಜಿನ್ ಆಯಿಲ್, ಟೈರ್ ಸವೆದ ಪುಡಿ, ಬ್ರೇಕ್ ಧೂಳು, ನಾಯಿ ಗಲೀಜು, ಗುಟ್ಕಾ ಪ್ಯಾಕೆಟ್, ಕಟ್ಟಡ ಕೆಲಸದ ಸಿಮೆಂಟು, ಅಷ್ಟೂ ಅಶ್ವಿನಿ ಭರಣಿ ಮಳೆ ಬಿದ್ದ ಮೊದಲ ಅರ್ಧ ಗಂಟೇಲಿ ತೊಳೆದುಕೊಂಡು ಬಂದು ಗೋಡೆ ಒಡೆದಿರೋ ಜಾಗದಿಂದ ನಮ್ಮ ಪಾರ್ಕಿಗೆ ಇಳಿಯುತ್ತೆ. ಆ ಮೊದಲ ನೀರು ಕಪ್ಪಗೆ, ಮೇಲೆ ಕಾಮನಬಿಲ್ಲಿನ ಹಾಗೆ ಎಣ್ಣೆ ಪದರ. ಒಂದು ಗಂಟೆ ಆದ್ಮೇಲೆ ಬರೋ ನೀರು ನೋಡಿದ್ರೆ ಬರೀ ಕೆಂಪು ಮಣ್ಣಿನ ನೀರು. ಎರಡೂ ಮಳೆನೀರೇ, ಆದ್ರೆ ಎರಡೂ ಒಂದೇ ಅಲ್ಲ ಸಾರ್, ನಾನು ಹೇಳ್ಬೇಕಾಗಿರೋದು ಇದನ್ನೇ. ನಕ್ಷೆ ಮಾಡಿದವರು ಎರಡನ್ನೂ ಒಂದೇ ಪೈಪಿಗೆ ತಳ್ಳಿದಾರೆ.

ಇದರ ಜೊತೆಗೆ ಆ ಮ್ಯಾನ್‌ಹೋಲ್. ಗೇಟಿನ ಮುಂದೆ ಇರೋದು, ಜೋರು ಮಳೆ ಬಂದ್ರೆ ಮುಚ್ಚಳ ಎದ್ದು ಕೊಳಚೆ ಉಕ್ಕುತ್ತೆ. ನಮ್ಮ ಬೆಂಗಳೂರಲ್ಲಿ ಯುಜಿಡಿ, ಅಂದ್ರೆ ನೆಲದಡಿಯ ಕೊಳಚೆ ಪೈಪು ಬೇರೆ, ಮಳೆನೀರಿನ ಚರಂಡಿ ಬೇರೆ ಇರ್ಬೇಕು, ಲೆಕ್ಕದಲ್ಲಿ ಹಾಗೇ ಇದೆ. ಆದ್ರೆ ಎಷ್ಟೋ ಮನೆಗಳಲ್ಲಿ ತಾರಸಿ ಪೈಪನ್ನ ಯುಜಿಡಿಗೇ ಕೊಟ್ಟಿದಾರೆ, ಬಚ್ಚಲು ನೀರಿಗೆ ಅಂತ ಹಾಕಿದ ಪೈಪು ಅಷ್ಟೊಂದು ಮಳೆನೀರನ್ನ ಹೇಗೆ ತಡ್ಕೊಳ್ಳುತ್ತೆ? ನಮ್ಮನೇದೂ ಹಾಗೇ ಇತ್ತು, ಗೊತ್ತಾದ ಮೇಲೆ ಪ್ಲಂಬರ್ ಕರೆಸಿ ಬಿಡಿಸಿ ಮನೆಯ ನೀರಿನ ಸಂಪ್‌ಗೆ ಕೊಟ್ಟೆ. ನಮ್ಮ ಬೀದೀಲಿ ಮಿಕ್ಕವರನ್ನೂ ಕೇಳ್ತಾ ಇದೀನಿ, ಕೆಲವರು ಒಪ್ಪಿದಾರೆ, ಕೆಲವರು ಬಾಡಿಗೆ ಮನೆ ನಮಗ್ಯಾಕೆ ಅಂತಾರೆ. ನೀವು ಒಂದು ಮಾತು ಹೇಳಿದ್ರೆ ತೂಕ ಬೇರೆ.

ಆ ತಗ್ಗಿನ ಪಕ್ಕಾನೇ ಹುಡುಗ್ರು ಕ್ರಿಕೆಟ್ ಆಡೋದು. ಬಾಲ್ ನೀರಿಗೆ ಬೀಳುತ್ತೆ, ಮೊಣಕಾಲುದ್ದ ಇಳಿದು ತೆಗೀತಾರೆ, ಕಾಲು ಕೆರೆತ ಅಂತೂ ಪ್ರತಿ ಮಳೆಗಾಲ. ಎರಡು ವರ್ಷದ ಹಿಂದೆ ಎದುರು ಮನೆ ಹುಡುಗನಿಗೆ ಜ್ವರ ಇಳೀಲೇ ಇಲ್ಲ, ಡಾಕ್ಟರು ಮೊದಲು ಕೇಳಿದ್ದೇ ಕೊಳಚೆ ನೀರಲ್ಲಿ ಏನಾದ್ರೂ ಆಡಿದ್ನಾ ಅಂತ, ಇಲಿಜ್ವರದ ಟೆಸ್ಟ್ ಬರೆದ್ರು. ಪುಣ್ಯಕ್ಕೆ ಅದಾಗಿರ್ಲಿಲ್ಲ. ಅವರಮ್ಮ ರಿಪೋರ್ಟ್ ಬರೋವರೆಗೆ ಎರಡು ದಿನ ಒಂದು ತುತ್ತು ಅನ್ನ ತಿಂದಿರ್ಲಿಲ್ಲ, ನಾನು ನೋಡಿದೀನಿ.

ಹಂಗಾದ್ರೆ ಮಣ್ಣು ಹಾಕಿ ಮುಚ್ಚೋದೇ ಒಳ್ಳೇದಲ್ವಾ ಅಂತ ನೀವು ಕೇಳ್ಬಹುದು. ಇಲ್ಲ ಸಾರ್. ಪಾರ್ಕಿನ ಹಿಂಗೋಡೆ ಆಚೆ ಏನಿದೆ ಅಂತ ಅವತ್ತು ನೀವು ನೋಡ್ಲಿಲ್ಲ, ಟೈಮ್ ಇರ್ಲಿಲ್ಲ. ಅಲ್ಲಿ ಗಾರೆ ಕೆಲಸದವರ ಶೀಟ್ ಮನೆಗಳಿವೆ, ಪಾರ್ಕಿಗಿಂತ ಎರಡಡಿ ಕೆಳಗೆ. ಇಷ್ಟು ವರ್ಷ ನಮ್ಮ ತಗ್ಗು ನೀರು ಹಿಡ್ಕೊಂಡು ಆ ಮನೆಗಳನ್ನ ಕಾಪಾಡಿದೆ. 2022ರ ಸೆಪ್ಟೆಂಬರ್ ಮಳೇಲಿ ಬೆಂಗಳೂರಿನ ದೊಡ್ಡ ದೊಡ್ಡ ವಿಲ್ಲಾಗಳಿಗೇ ನೀರು ನುಗ್ಗಿ ಟ್ರ್ಯಾಕ್ಟರ್ ಮೇಲೆ ಜನ ಆಫೀಸಿಗೆ ಹೋದ್ರಲ್ಲ, ಆ ರಾತ್ರಿ ನಮ್ಮ ಪಾರ್ಕ್ ಕೆರೆ ಆಗಿತ್ತು, ಹಿಂದಿನ ಮನೆಗಳ ಹೊಸಿಲವರೆಗೆ ಬಂದು ನೀರು ನಿಂತಿತ್ತು. ಈಗ ತಗ್ಗು ತುಂಬಿಸಿ ಟೈಲ್ಸ್ ಹಾಕಿದ್ರೆ ಆ ನೀರು ಅವರ ಅಡುಗೆ ಮನೆಗೇ ಹೋಗೋದು, ಬೇರೆ ದಾರಿ ಇಲ್ಲ.

ಒಂದು ಲೆಕ್ಕ ಹಾಕಿ. ಒಂದು ಎಕರೆ ಟಾರು, ಕಾಂಕ್ರೀಟು, ತಾರಸಿ ಮೇಲೆ 20 ಮಿಲಿಮೀಟರ್ ಮಳೆ ಬಿದ್ರೆ ಸುಮಾರು 80 ಸಾವಿರ ಲೀಟರ್ ನೀರು, ಅಂದ್ರೆ 6 ಸಾವಿರ ಲೀಟರಿನ 13 ಟ್ಯಾಂಕರ್. 2024ರ ಮಾರ್ಚಲ್ಲಿ ಒಂದೊಂದು ಟ್ಯಾಂಕರಿಗೆ ಎಷ್ಟು ಒದ್ದಾಡಿದ್ವಿ ಅಂತ ನಿಮಗೇ ಗೊತ್ತು, ನಿಮ್ಮ ಮನೆ ಮುಂದೆನೂ ಜನ ಬಂದು ನಿಂತಿದ್ರು. ಅದೇ ನೀರನ್ನ ಕೊಳೆ ಸಮೇತ ಪೈಪಲ್ಲಿ ಓಡಿಸಿಬಿಟ್ರೆ ಅದು ಎಲ್ಲಿಗೆ ಹೋಗುತ್ತೆ? ನಮ್ಮದು ಕೋರಮಂಗಲ-ಚಲ್ಲಘಟ್ಟ ಕಣಿವೆ, ಇಲ್ಲಿಂದ ಹೊರಟಿದ್ದೆಲ್ಲ ಬೆಳ್ಳಂದೂರು ಕೆರೆ, ವರ್ತೂರು ಕೆರೆ, ಆಮೇಲೆ ದಕ್ಷಿಣ ಪಿನಾಕಿನಿ ನದಿ. ಬೆಳ್ಳಂದೂರಲ್ಲಿ ನೊರೆ ಎದ್ದು ರೋಡಿಗೆ ಬಂದಿದ್ದು, 2015, 2017, 2018ರಲ್ಲಿ ಬೆಂಕಿ ಹತ್ತಿದ್ದು ದೇಶವೆಲ್ಲ ನೋಡ್ತು. ಅದಕ್ಕೆ ಮುಖ್ಯ ಕಾರಣ ಊರಿನ ಕೊಳಚೆ ಅನ್ನೋದು ನಿಜ, ಆದ್ರೆ ಆ ಕೊಳಚೆ ಕೆರೆವರೆಗೆ ಹೋಗಿದ್ದು ಮಳೆನೀರಿಗೆ ಅಂತ ಇರೋ ಕಾಲುವೆಗಳಲ್ಲೇ.

ನಾವು ಕೇಳ್ತಿರೋದು ದೊಡ್ಡ ಪ್ರಾಜೆಕ್ಟ್ ಅಲ್ಲ. ತಗ್ಗು ತಗ್ಗಾಗೇ ಇರ್ಲಿ. ನೀರು ಒಳಗೆ ಬರೋ ಜಾಗದಲ್ಲಿ ಮೊದಲು ಕಸ ತಡೆಯೋ ಜಾಲರಿ, ಆಮೇಲೆ ಒಂದು ಹೂಳುಗುಂಡಿ, ಮೊದಲ ಕಪ್ಪು ನೀರು ಅಲ್ಲೇ ನಿಂತು ಮರಳು, ಎಣ್ಣೆ, ಪ್ಲಾಸ್ಟಿಕ್ ಬಿಟ್ಟು ಮುಂದೆ ಹೋಗ್ಲಿ. ಅಲ್ಲಿಂದ ಜೊಂಡು, ಲಾವಂಚ, ಕಾಬಾಳೆ ನೆಟ್ಟ ಒಂದಡಿ ಆಳದ ಪಾತಿಗೆ ನಿಧಾನವಾಗಿ ಹರೀಲಿ, ಕೆಳಗೆ ಮರಳು ಜಲ್ಲಿ ಹಾಸಿರ್ಲಿ. ಬೇರಿನ ಜೊತೆ ಇರೋ ಜೀವಾಣುಗಳು ಕೊಳೆ ತಿನ್ನುತ್ವೆ, ಮಣ್ಣು ಮಿಕ್ಕಿದ್ದನ್ನ ಹಿಡಿಯುತ್ತೆ. ಇದು ನನ್ನ ಕಲ್ಪನೆ ಅಲ್ಲ, ಜಕ್ಕೂರಲ್ಲಿ ಸಂಸ್ಕರಿಸಿದ ಕೊಳಚೆ ನೀರು ಕೆರೆಗೆ ಸೇರೋ ಮುಂಚೆ ಜೊಂಡಿನ ಜೌಗು ದಾಟಿಯೇ ಹೋಗುತ್ತೆ, ಒಂದು ಭಾನುವಾರ ನಾನೇ ಕರ್ಕೊಂಡು ಹೋಗಿ ತೋರಿಸ್ತೀನಿ. ಸೊಳ್ಳೆ ಆಗುತ್ತೆ ಅಂತ ಕೆಲವರು ಹೆದರ್ತಾರೆ, ಹೆದರಿಕೆ ಸರಿನೇ, ಡೆಂಗ್ಯೂ ನಮ್ಮ ಬೀದಿಗೂ ಬಂದಿತ್ತು. ಆದ್ರೆ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರೋಕೆ ಸುಮಾರು ಒಂದು ವಾರ ಬೇಕು, ಪಾತಿ ಸರಿಯಾಗಿ ಕಟ್ಟಿದ್ರೆ ಎರಡು ದಿನದಲ್ಲಿ ನೀರು ಇಂಗಿರುತ್ತೆ. ಈಗ ಇರೋ ತಗ್ಗಲ್ಲಿ ಮೂರು ವಾರ ನಿಲ್ಲುತ್ತೆ.

ಮಳೆನೀರನ್ನ ನೆಲದೊಳಗೆ ಇಳಿಸೋ ಇಂಗುಬಾವಿ ಬಗ್ಗೆ ಒಂದು ಮಾತು ಬೇರೆಯಾಗೇ ಹೇಳ್ಬೇಕು. ಕಬ್ಬನ್ ಪಾರ್ಕಲ್ಲಿ ಬಾವಿ ತೋಡೋದೇ ಕುಲಕಸುಬಾಗಿರೋ ಮಣ್ಣು ವಡ್ಡರು ತೋಡಿದ ಇಂಗುಬಾವಿಗಳು ಒಳ್ಳೆ ಕೆಲಸ, ಎಲ್ಲ ಕಡೆ ಹಾಗೇ ಆಗ್ಲಿ ಅಂತ ನನಗೂ ಆಸೆ. ಆದ್ರೆ ನಮ್ಮ ಪಾರ್ಕಲ್ಲಿ ರೋಡಿನ ನೀರನ್ನ ಸೋಸದೇ ಬಾವಿಗೆ ಬಿಟ್ರೆ ಆಯಿಲ್ಲು ಕೊಳಚೆ ಎಲ್ಲ ಸೀದಾ ಅಂತರ್ಜಲಕ್ಕೆ, ಅಲ್ಲಿಂದ ನಮ್ಮ ಬೋರ್‌ವೆಲ್ಲಿಗೆ. ಅದನ್ನ ತೊಳೆಯೋಕೆ ಯಾರ ಕೈಲೂ ಆಗಲ್ಲ. ಮೊದಲು ಮ್ಯಾನ್‌ಹೋಲ್ ಸರಿ ಆಗ್ಬೇಕು, ಆಮೇಲೆ ಹೂಳುಗುಂಡಿ, ಪಾತಿ, ಕೊನೆಗೆ ಬಾವಿ, ಈ ಕ್ರಮ ತಪ್ಪಬಾರದು.

ಇದು ಯಾರ ಕೆಲಸ ಅಂತ ಕೇಳ್ಕೊಂಡು ನಾನು ಮೂರು ಆಫೀಸು ಸುತ್ತಿದೀನಿ. ಕೊಳಚೆ ಪೈಪ್ ಒಬ್ಬರದ್ದು, ಚರಂಡಿ ಇನ್ನೊಬ್ಬರದ್ದು, ಗಿಡ ಹುಲ್ಲು ಮತ್ತೊಬ್ಬರದ್ದು. ಈಗ ಬೆಂಗಳೂರಿನ ಒಂದು ಪಾಲಿಕೆ ಒಡೆದು ಐದಾಗಿದೆ, ಫೈಲ್ ಯಾವ ಟೇಬಲ್ಲಿಗೆ ಹೋಯ್ತು ಅಂತ ಹುಡುಕೋದೇ ಒಂದು ಕೆಲಸ. ಒಬ್ಬೊಬ್ಬರೂ ಒಳ್ಳೇವ್ರೇ, ಕೂರಿಸಿ ಕಾಫಿ ಕೊಟ್ಟು ಮಾತಾಡಿಸಿದಾರೆ, ಆದ್ರೆ ಮೂವರನ್ನೂ ಒಂದೇ ದಿನ ಒಂದೇ ಗೇಟಿನ ಮುಂದೆ ನಿಲ್ಲಿಸೋ ಶಕ್ತಿ ನನಗಿಲ್ಲ, ನಿಮಗಿದೆ. ಪಾರ್ಕು, ಮೈದಾನ ಉಳಿಸೋಕೆ ಅಂತಾನೇ 1985ರಿಂದ ನಮ್ಮ ರಾಜ್ಯದಲ್ಲಿ ಕಾಯ್ದೆ ಇದೆ, ಅದನ್ನ ಒತ್ತುವರಿ ತಡೆಯೋಕೆ ಮಾತ್ರ ನೆನಪಿಸ್ಕೊಂಡ್ರೆ ಸಾಲ್ದು.

ಹೂಳುಗುಂಡಿ ಪ್ರತಿ ಮಳೆಗಾಲಕ್ಕೆ ಮುಂಚೆ ಒಂದ್ಸಲ, ಮಧ್ಯದಲ್ಲಿ ಎರಡು ಮೂರು ಸಲ ಎತ್ತಿಸ್ಬೇಕು, ಇಲ್ಲಾಂದ್ರೆ ಒಂದೇ ವರ್ಷಕ್ಕೆ ತುಂಬಿ ಕೂರುತ್ತೆ. ಅದಕ್ಕೆ ದುಡ್ಡು ಈಗಲೇ ಎತ್ತಿಡಿಸಿ. ಆ ಹೂಳು ಎತ್ತೋರಿಗೆ ಗ್ಲೌಸು, ಗಂಬೂಟು ಕೊಡಿಸಿ, ನಮ್ಮ ಮಾಲಿ ಬರಿಗೈಯಲ್ಲಿ ಬಾಚ್ತಾನೆ, ನೋಡೋಕಾಗಲ್ಲ. ಜಾಲರಿ ಕಸ ತೆಗೆಯೋ ಸರದಿ ನಾವು ನಿವಾಸಿಗಳು ತಗೊಳ್ತೀವಿ, ಹನ್ನೊಂದು ಮನೆಯವರು ಹೆಸರು ಕೊಟ್ಟಿದಾರೆ.

ಕೆಲಸ ಇನ್ನೂ ಶುರುವಾಗಿಲ್ಲ, ಮಣ್ಣಿನ ಲಾರಿ ಬಂದಿಲ್ಲ. ಅದಕ್ಕೂ ಮುಂಚೆ ಒಂದು ಬೆಳಿಗ್ಗೆ ಇಂಜಿನಿಯರನ್ನ ಕರ್ಕೊಂಡು ಮತ್ತೆ ಬನ್ನಿ ಸಾರ್, ಈ ಸಲ ಮುಂದಿನ ಗೇಟಲ್ಲಿ ಬೇಡ, ಹಿಂದಿನ ಶೀಟ್ ಮನೆಗಳ ಕಡೆಯಿಂದ ಬನ್ನಿ. ಅಲ್ಲಿನ ಗೋಡೆ ಮೇಲೆ 2022ರ ನೀರಿನ ಗೆರೆ ಇನ್ನೂ ಹಾಗೇ ಇದೆ.

ಇಂತಿ,
ನಿಮ್ಮ ಕ್ಷೇತ್ರದ ಮತದಾರ, ಪಾರ್ಕಿನ ಪಕ್ಕದ ಬೀದಿಯವನು