ರಕ್ತನಾಳಕ್ಕೆ ಕೊಳವೆ ತೂರಿಸಿ ಚಿಕಿತ್ಸೆ ಮಾಡುವ ಕ್ಯಾಥ್ ಲ್ಯಾಬ್‌ನ ಆ ಸಿಸ್ಟರ್‌ಗೆ

ಅಮ್ಮನ ಬಲಗೈ ಇದ್ದಕ್ಕಿದ್ದಂತೆ ತಣ್ಣಗಾಯಿತು. ಬೆರಳು ಬಿಳಚಿಕೊಂಡವು, ನೋವು ತಡೆಯಲಾಗುತ್ತಿರಲಿಲ್ಲ. ಮೈಸೂರಿನ ಆಸ್ಪತ್ರೆಯಲ್ಲಿ ಮಣಿಕಟ್ಟಿನ ನಾಡಿ ಸಿಗದಿದ್ದಾಗ ತಕ್ಷಣ ಡಾಕ್ಟರನ್ನು ಕರೆದವರು ನೀವು. ಇಂಥದ್ದರಲ್ಲಿ ಮೊದಲ 6 ಗಂಟೆಗಳೇ ಮುಖ್ಯ ಅಲ್ವಾ? ಬಡಿತದ ಲಯ ತಪ್ಪಿದ ಹೃದಯದಲ್ಲಿ ಹೆಪ್ಪುಗಟ್ಟಿದ ರಕ್ತ ತೋಳಿನ ರಕ್ತನಾಳದಲ್ಲಿ ಬಂದು ಸಿಕ್ಕಿಕೊಂಡಿತ್ತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಕೊಟ್ಟು, ತೊಡೆಸಂದಿನಿಂದ ತೆಳು ಕೊಳವೆ ತೂರಿಸಿ ಅದನ್ನು ಹೀರಿ ತೆಗೆದರು. ಕೈ ಕೊಯ್ಯಲಿಲ್ಲ, ಪೂರ್ತಿ ಪ್ರಜ್ಞೆ ತಪ್ಪಿಸಲೂ ಇಲ್ಲ.

ಎಚ್ಚರವಿದ್ದ ಅಮ್ಮ ಹೆದರದಿರಲಿ ಅಂತ ನೀವು ಮಾತಾಡಿಸುತ್ತಲೇ ಇದ್ದಿರಂತೆ. "ಅಜ್ಜಿ, ಮನೇಲಿ ಇವತ್ತು ಏನು ಸಾರು?" ಎಂದು. ಆಮೇಲೆ ನನ್ನ ಬೆರಳು ಹಿಡಿದು ಅವರ ಮಣಿಕಟ್ಟಿನ ಮೇಲಿಟ್ಟಿರಿ. "ನೋಡಿ ಅಕ್ಕಾ, ನಾಡಿ ಬಂತು." ನಾನು ಅಲ್ಲೇ ಅತ್ತುಬಿಟ್ಟೆ. ನಿಮ್ಮ ಹೆಸರು ಕೇಳಲೂ ಆಗಲಿಲ್ಲ. ಅಮ್ಮ ಈಗ ಅದೇ ಕೈಯಲ್ಲಿ ಚಪಾತಿ ಲಟ್ಟಿಸುತ್ತಾರೆ. ತುಂಬಾ ಥ್ಯಾಂಕ್ಸ್ ಸಿಸ್ಟರ್.