ನೈಲ್ಸ್ ಇಲ್ಲದ ಫ್ರೇಸಿಯರ್

ಮಾನ್ಯರೇ,

ಅಮೆರಿಕದ ಹಾಸ್ಯ ಧಾರಾವಾಹಿ 'ಫ್ರೇಸಿಯರ್' 1993ರಿಂದ 2004ರವರೆಗೆ 264 ಕಂತು ಓಡಿತ್ತು. 2023ರ ಅಕ್ಟೋಬರ್‌ನಲ್ಲಿ ಪ್ಯಾರಾಮೌಂಟ್ ಪ್ಲಸ್ ಎಂಬ ಒಟಿಟಿ ವೇದಿಕೆಯಲ್ಲಿ ಶುರುವಾದ ಅದರ ಮುಂದುವರಿಕೆ ಎರಡೇ ಸೀಸನ್‌ಗೆ, ಅಂದರೆ 20 ಕಂತಿಗೆ ನಿಂತುಹೋಯಿತು. ಕಾಲ ಬದಲಾಯಿತು ಎಂದು ಕೈತೊಳೆದುಕೊಳ್ಳಬಹುದು. ಆದರೆ ಲೆಕ್ಕ ತಪ್ಪಿದ್ದು ಪಾತ್ರಗಳ ಜೋಡಣೆಯಲ್ಲಿ.

ಹಳೆಯದರಲ್ಲಿ ಜಂಬದ ಮನೋವೈದ್ಯ ಫ್ರೇಸಿಯರ್, ಜಂಬದಲ್ಲಿ ಅವನಿಗಿಂತ ಒಂದು ಕೈ ಮೇಲಾದ ತಮ್ಮ ನೈಲ್ಸ್, ಇಬ್ಬರಿಗೂ ಎದುರಾಗಿ ನಿವೃತ್ತ ಪೊಲೀಸ್ ಅಪ್ಪ ಮಾರ್ಟಿನ್. ದುಬಾರಿ ಸೋಫಾ ಇರುವ ಹಾಲ್‌ನಲ್ಲೇ ಟೇಪು ಅಂಟಿಸಿದ ಅಪ್ಪನ ಹಳೇ ಪಟ್ಟೆಪಟ್ಟೆ ಆರಾಮಕುರ್ಚಿ. ಅದನ್ನು ಕಂಡರೆ ಸಾಕು, ಮಾತಿಲ್ಲದೆಯೇ ಮನೆಯ ಜಗಳ ತಿಳಿಯುತ್ತಿತ್ತು.

ಹೊಸದರಲ್ಲಿ ಫ್ರೇಸಿಯರ್‌ನ ಮಗ ಫ್ರೆಡ್ಡಿಯನ್ನು ಅಗ್ನಿಶಾಮಕ ದಳಕ್ಕೆ ಸೇರಿಸಿ ಅಪ್ಪ–ಮಗನ ಸ್ಥಾನ ತಿರುವುಮುರುವು ಮಾಡಿದರು. ಉಪಾಯವೇನೋ ಜಾಣತನದ್ದೇ. ಆದರೆ ನೈಲ್ಸ್ ಪಾತ್ರಧಾರಿ ಡೇವಿಡ್ ಹೈಡ್ ಪಿಯರ್ಸ್ ಮರಳಲಿಲ್ಲ. ಮಾರ್ಟಿನ್ ಆಗಿದ್ದ ಜಾನ್ ಮಹೋನಿ 2018ರಲ್ಲೇ ತೀರಿಕೊಂಡಿದ್ದರು. (ಹೊಸ ಸರಣಿಯ ಬಾರ್‌ಗೆ 'ಮಹೋನೀಸ್' ಎಂದು ಹೆಸರಿಟ್ಟಿದ್ದು ಮಾತ್ರ ಮನಸ್ಸಿಗೆ ಹಿಡಿಸಿತು.) ಫ್ರೇಸಿಯರ್‌ನ ಪಾಂಡಿತ್ಯಕ್ಕೆ ಸಮಸಮ ಪಟ್ಟು ಹಾಕುವವರು ಬೇಕಿತ್ತು. ಹಳೇ ಗೆಳೆಯ ಅಲನ್ ಆಗಿ ನಿಕೋಲಸ್ ಲಿಂಡ್‌ಹರ್ಸ್ಟ್ ಅದನ್ನು ತಕ್ಕಮಟ್ಟಿಗೆ ತುಂಬಿದರು, ಅಷ್ಟೆ.

ಕಂತುಗಳ ಸಂಖ್ಯೆಯೂ ಮುಳುವಾಯಿತು. ಹಿಂದೆ ಸೀಸನ್‌ಗೆ ಸುಮಾರು 24 ಕಂತು ಇರುತ್ತಿದ್ದವು. ನೈಲ್ಸ್‌ನ ಮುಚ್ಚಿಟ್ಟ ಪ್ರೀತಿ, ಅಪ್ಪನ ಆರೈಕೆಗೆ ಮನೆಯಲ್ಲಿದ್ದ ಡ್ಯಾಫ್ನಿಗೆ ಗೊತ್ತಾಗಲು ಏಳನೇ ಸೀಸನ್ ಬರಬೇಕಾಯಿತು. ಸೀಸನ್‌ಗೆ ಹತ್ತೇ ಕಂತಾದರೆ ಅಂಥ ಎಳೆ ಪಾಕಕ್ಕೆ ಬರುವುದು ಯಾವಾಗ?

– ಓರ್ವ ವೀಕ್ಷಕ, ಮೈಸೂರು