ಮಾಲ್ಡೀವ್ಸ್ ಡೈವಿಂಗ್ ಬೋಟ್ ಪ್ರವಾಸ: ನನ್ನ ಮಗಳನ್ನು ನೀರಿನಲ್ಲೇ ಬಿಟ್ಟು ದೋಣಿ ಹೊರಟ ಬಗ್ಗೆ ದೂರು

ಬೆಂಗಳೂರು
3 ಮಾರ್ಚ್ 2025

ಗೆ,
ವ್ಯವಸ್ಥಾಪಕರು,
ಡೈವಿಂಗ್ ಪ್ರವಾಸ ವಿಭಾಗ,
ಬೆಂಗಳೂರು ಕಚೇರಿ

ವಿಷಯ: 2025ರ ಫೆಬ್ರವರಿ 8ರಿಂದ 15ರವರೆಗೆ ನಿಮ್ಮ ಮೂಲಕ ಹೋದ ಮಾಲ್ಡೀವ್ಸ್ ಡೈವಿಂಗ್ ಪ್ರವಾಸದಲ್ಲಿ ಆದ ಸುರಕ್ಷತೆಯ ಲೋಪಗಳು ಮತ್ತು ಹಣ ವಾಪಸಾತಿ

ಮಾನ್ಯರೇ,

ಫೆಬ್ರವರಿ 13ರ ಬೆಳಿಗ್ಗೆ ವಾವು ಅಟಾಲ್‌ನ (ಉಂಗುರದ ಹಾಗಿರುವ ಹವಳದ ದಿಬ್ಬ, ದ್ವೀಪಗಳ ಸಾಲು) ಹೊರಗೆ ನನ್ನ 19 ವರ್ಷದ ಮಗಳು ಸುಮಾರು 50 ನಿಮಿಷ ಸಮುದ್ರದಲ್ಲಿ ಒಬ್ಬಳೇ ತೇಲುತ್ತಿದ್ದಳು. ಅವಳು ಹತ್ತಿಲ್ಲ ಅನ್ನುವುದು ದೋಣಿಯಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಎಂಜಿನ್ ಚಾಲೂ ಆಗಿ ದೋಣಿ ಹೊರಟಾಗಿತ್ತು. ನಾನು ಕೂಗಿ ನಿಲ್ಲಿಸಿದೆ. ಈ ಪತ್ರದಲ್ಲಿ ಬೇರೆ ವಿಷಯಗಳೂ ಇವೆ, ಆದರೆ ನಾನು ಇದನ್ನು ಬರೆಯಲು ಕೂತಿರುವುದು ಇದೊಂದಕ್ಕಾಗಿ.

ಕಳೆದ ನವೆಂಬರ್‌ನಲ್ಲಿ ಹಣ ಕಟ್ಟುವ ಮುಂಚೆ ನಾನು ನಿಮ್ಮ ಕಚೇರಿಗೆ ಬಂದಿದ್ದೆ. ಅರ್ಧ ಗಂಟೆ ಕೂತು ಎಲ್ಲವನ್ನೂ ಕೇಳಿದ್ದೆ. ನಾವಿಬ್ಬರೂ ಡೈವಿಂಗ್ ಕಲಿತದ್ದು ಮುರುಡೇಶ್ವರದಿಂದ ಹೋಗಿ ನೇತ್ರಾಣಿ ದ್ವೀಪದಲ್ಲಿ. ನನ್ನ ಬಳಿ ಅಡ್ವಾನ್ಸ್ಡ್ ಕಾರ್ಡ್ ಇದೆ. ಮಗಳದ್ದು ಮೊದಲ ಹಂತದ ಓಪನ್ ವಾಟರ್ ಕಾರ್ಡ್ ಮಾತ್ರ. ಅಂದರೆ ಅವಳು 18 ಮೀಟರ್‌ಗಿಂತ ಕೆಳಗೆ ಹೋಗುವ ಹಾಗಿಲ್ಲ. ಆಗ ಅವಳು ಮಾಡಿದ್ದು ಒಟ್ಟು 16 ಡೈವ್. ಇದನ್ನೆಲ್ಲ ನಿಮ್ಮ ಫಾರಂನಲ್ಲಿ ಬರೆದುಕೊಟ್ಟಿದ್ದೇನೆ, ಪ್ರತಿ ನನ್ನ ಹತ್ತಿರ ಇದೆ. "ಏನೂ ತೊಂದರೆ ಇಲ್ಲ ಮೇಡಂ, ಅಲ್ಲಿ ಎಲ್ಲ ಈಸಿ ಡೈವ್‌ಗಳೇ, ಹೊಸಬರೂ ಹೋಗ್ತಾರೆ" ಎಂದು ನಿಮ್ಮ ಸಿಬ್ಬಂದಿ ಹೇಳಿದರು. ಆ ಮಾತನ್ನು ನಂಬಿ ಇಬ್ಬರಿಗೂ ಸೇರಿ 3,70,000 ರೂಪಾಯಿ ಕಟ್ಟಿದೆ. ಬೋಟ್ ಹತ್ತಿದ ಮೊದಲ ಸಂಜೆಯೇ ಗೈಡ್ ನಮ್ಮ ಲಾಗ್‌ಬುಕ್ ನೋಡಿ ಮುಖ ಚಿಕ್ಕದು ಮಾಡಿದರು. ಈ ಮಾರ್ಗಕ್ಕೆ ಕಡಿಮೆ ಅಂದರೂ 50 ಡೈವ್ ಮಾಡಿದವರು ಬೇಕು, ಬೆಂಗಳೂರಿನವರಿಗೆ ಇದನ್ನು ತಿಳಿಸಿದ್ದೇವೆ ಎಂದರು. ನೀವು ನಮಗೆ ಯಾಕೆ ಹೇಳಲಿಲ್ಲ?

ಮೊದಲ ನಾಲ್ಕು ದಿನ ಚೆನ್ನಾಗಿಯೇ ಹೋಯಿತು. ಅದನ್ನು ಮುಚ್ಚಿಡುವುದಿಲ್ಲ. ಆರಿ ಅಟಾಲ್‌ನ ಮಾಯಾ ತಿಲದಲ್ಲಿ ಹವಳದ ನಡುವೆ ಬಿಳಿ ತುದಿಯ ಶಾರ್ಕ್‌ಗಳನ್ನು ನೋಡಿದೆವು. ತೆಂಕಣ ಆರಿಯಲ್ಲಿ ಒಂದು ವೇಲ್ ಶಾರ್ಕ್ ನಮ್ಮ ಪಕ್ಕದಲ್ಲೇ ನಿಧಾನವಾಗಿ ಹೋಯಿತು. ಮಗಳು ಮೇಲೆ ಬಂದು ಅಳುತ್ತಾ ನಗುತ್ತಿದ್ದಳು. ಅಡುಗೆಯವರಿಂದ ಹಿಡಿದು ಸಿಲಿಂಡರ್ ಹೊರುವ ಹುಡುಗರ ತನಕ ಎಲ್ಲರೂ ನಮ್ಮನ್ನು ಮನೆಯವರ ಹಾಗೆ ನೋಡಿಕೊಂಡರು. ಅಲ್ಲಿ ಊಟ, ನಿದ್ದೆ ದೊಡ್ಡ ಬೋಟ್‌ನಲ್ಲಿ. ಡೈವ್‌ಗೆ ಹೋಗುವುದು ಜೊತೆಗೇ ಬರುವ ಚಿಕ್ಕ ದೋಣಿಯಲ್ಲಿ. ಅವರ ಭಾಷೆಯಲ್ಲೂ ಅದು ದೋನಿಯೇ. ಮೊದಲ ದಿನ ಆ ಮಾತು ಕಿವಿಗೆ ಬಿದ್ದಾಗ ನಮ್ಮಿಬ್ಬರಿಗೂ ಎಷ್ಟು ಖುಷಿಯಾಗಿತ್ತು.

13ನೇ ತಾರೀಖಿನ ವಿಷಯಕ್ಕೆ ಬರುತ್ತೇನೆ.

ಹಿಂದಿನ ದಿನ ಹುಣ್ಣಿಮೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರ ಇಳಿತ ಜೋರಾಗಿರುತ್ತದೆ ಅನ್ನುವುದು ನಮ್ಮ ಕರಾವಳಿಯಲ್ಲಿ ಬಲೆ ಹಿಡಿದ ಪ್ರತಿಯೊಬ್ಬರಿಗೂ ಗೊತ್ತು. ಅವತ್ತು ನಮ್ಮನ್ನು ಇಳಿಸಿದ್ದು ಒಂದು ಕಂಡುವಿನಲ್ಲಿ. ಎರಡು ರೀಫ್‌ಗಳ (ಹವಳದ ದಿಬ್ಬಗಳ) ಮಧ್ಯೆ ಅಟಾಲ್‌ನ ಒಳಗೂ ಹೊರಗೂ ನೀರು ನುಗ್ಗುವ ಕಾಲುವೆಗೆ ಅಲ್ಲಿ ಕಂಡು ಅನ್ನುತ್ತಾರೆ. ನೀರು ಹೊರಗಿನಿಂದ ಒಳಗೆ ಬರುವಾಗ ಅಲ್ಲಿ ಡೈವ್ ಮಾಡಿದರೆ ನೀರು ತಿಳಿಯಾಗಿರುತ್ತದೆ, ಶಾರ್ಕ್‌ಗಳು ಕಾಲುವೆಯ ಬಾಯಲ್ಲಿ ಸೇರುತ್ತವೆ, ಕೈ ತಪ್ಪಿದರೂ ಸೆಳೆತ ನಮ್ಮನ್ನು ಅಟಾಲ್‌ನ ಒಳಗೇ ತಂದು ಬಿಡುತ್ತದೆ. ನೀರು ಒಳಗಿನಿಂದ ಹೊರಗೆ ಹೋಗುವಾಗ ಎಲ್ಲ ಉಲ್ಟಾ. ನೀರು ಕಲಕಿರುತ್ತದೆ, ಕೈ ತಪ್ಪಿದವರು ಹೊರಗಿನ ಸಾಗರಕ್ಕೆ ಹೋಗುತ್ತಾರೆ. ನಮ್ಮನ್ನು ಇಳಿಸಿದ್ದು ನೀರು ಹೊರಗೆ ಹೋಗುವ ಹೊತ್ತಿನಲ್ಲಿ. ಇಳಿಯುವ ಮುಂಚೆ ಯಾರೂ ನೀರಿಗೆ ಹಾರಿ ಸೆಳೆತ ಪರೀಕ್ಷೆ ಮಾಡಲಿಲ್ಲ. ಉಪಾಹಾರದ ಹೊತ್ತಿಗೆ ಹಿಂದಿರುಗಬೇಕು, ಮುಂದಿನ ಜಾಗಕ್ಕೆ ಹೋಗಲು ತಡವಾಗುತ್ತದೆ ಅನ್ನುವ ಮಾತಷ್ಟೇ ಕೇಳಿಸಿತು.

ಒಂಬತ್ತು ಜನರಿಗೆ ಒಬ್ಬರೇ ಗೈಡ್. ಮಗಳು ಮತ್ತು ನಾನು ನಾಲ್ಕು ದಿನದಿಂದ ಜೋಡಿಯಾಗಿಯೇ ಇಳಿಯುತ್ತಿದ್ದೆವು. ಅವತ್ತು ಗೈಡ್ ಜೋಡಿ ಬದಲಿಸಿದರು. "ಇವಳು ನನ್ನ ಜೊತೆ ಇರಲಿ, ನಾನೇ ನೋಡಿಕೊಳ್ಳುತ್ತೇನೆ" ಎಂದು ಅವಳನ್ನು ತಮ್ಮ ಪಕ್ಕಕ್ಕೆ ಕರೆದುಕೊಂಡರು. ಅನುಭವ ಇದ್ದವರ ಜೊತೆ ಇದ್ದರೆ ಒಳ್ಳೆಯದೇ ಅಲ್ವಾ ಎಂದು ನಾನೂ ಒಪ್ಪಿದೆ.

6:40ಕ್ಕೆ ಇಳಿದೆವು. ಹತ್ತು ಮೀಟರ್ ಆಚೆ ಏನೂ ಕಾಣುತ್ತಿರಲಿಲ್ಲ. ರೀಫ್‌ನ ಅಂಚು ಹಿಡಿದುಕೊಂಡು ಇರಬೇಕಿತ್ತು, ಆದರೆ ಸೆಳೆತಕ್ಕೆ ಗುಂಪು ಹರಿದು ಹಂಚಿಹೋಯಿತು. ಆಳ, ಸಮಯ ಬರೆದಿಡುವ ನನ್ನ ಡೈವ್ ಕಂಪ್ಯೂಟರ್‌ನಲ್ಲಿ 31.4 ಮೀಟರ್ ದಾಖಲಾಗಿದೆ. ಮಾಲ್ಡೀವ್ಸ್‌ನ ಕಾನೂನಿನ ಪ್ರಕಾರ ಪ್ರವಾಸಿ ಡೈವಿಂಗ್‌ನ ಮಿತಿಯೇ 30 ಮೀಟರ್. ಮಗಳ ಕಂಪ್ಯೂಟರ್‌ನಲ್ಲಿ 27.6 ಇದೆ. 18 ಮೀಟರ್‌ನ ಕಾರ್ಡ್ ಇರುವ ಹುಡುಗಿಯನ್ನು ಅಷ್ಟು ಕೆಳಗೆ ಕರೆದುಕೊಂಡು ಹೋದವರು ಅವಳನ್ನು ನೋಡಿಕೊಳ್ಳುತ್ತೇನೆ ಎಂದು ಮಾತು ಕೊಟ್ಟವರೇ. ಆಮೇಲೆ ಅವರು ಶಾರ್ಕ್‌ಗಳ ಫೋಟೋ ತೆಗೆಯಲು ಮುಂದೆ ಹೋದರು. ಅವಳ ಕೈ ಬಂಡೆಯಿಂದ ಜಾರಿತು. ಒಂದೆರಡು ಸೆಕೆಂಡಿನಲ್ಲಿ ಯಾರೂ ಕಾಣಲಿಲ್ಲವಂತೆ.

ನನ್ನ ಮಗಳು ನೇತ್ರಾಣಿಯಲ್ಲಿ ಕಲಿತದ್ದನ್ನು ಒಂದೂ ಬಿಡದೆ ಮಾಡಿದಳು. ಒಂದು ನಿಮಿಷ ಸುತ್ತ ಹುಡುಕಿದಳು. ನಿಧಾನವಾಗಿ ಮೇಲೆ ಬಂದಳು. ಮೈಯಲ್ಲಿ ಸೇರಿದ ನೈಟ್ರೋಜನ್ ಹೊರಗೆ ಹೋಗಲಿ ಎಂದು ಐದು ಮೀಟರ್‌ನಲ್ಲಿ ಮೂರು ನಿಮಿಷ ಒಬ್ಬಳೇ ನಿಂತಳು. ಮೇಲೆ ಬಂದು ಕಿತ್ತಳೆ ಬಣ್ಣದ ಟ್ಯೂಬ್‌ಗೆ ಗಾಳಿ ತುಂಬಿ ಎತ್ತಿ ಹಿಡಿದಳು, ಸೀಟಿ ಊದಿದಳು. ಅವಳ ಕಂಪ್ಯೂಟರ್ ಪ್ರಕಾರ ಆಗ ಸಮಯ 6:59. ದೋಣಿಯ ಚಾವಣಿ ಮೇಲೆ ನಿಂತು ನೀರು ನೋಡುತ್ತಿರಬೇಕಾದ ಒಬ್ಬರು ಇದ್ದಿದ್ದರೆ ಆ ಕ್ಷಣವೇ ಕಾಣುತ್ತಿತ್ತು. ಆಗ ಅಲ್ಲಿ ಯಾರೂ ಇರಲಿಲ್ಲ.

ನಾವು ಉಳಿದವರು 7:25ರ ಹೊತ್ತಿಗೆ ಎರಡು ಗುಂಪಾಗಿ ಮೇಲೆ ಬಂದೆವು. ಗೈಡ್ ಏಣಿ ಹತ್ತಿ ಬಂದರು. ಅವರ ಹಿಂದೆ ಮಗಳು ಬರುತ್ತಾಳೆ ಎಂದು ನಾನು ಟವೆಲ್ ಹಿಡಿದು ನಿಂತಿದ್ದೆ. ಬರಲಿಲ್ಲ. "ಅವಳೆಲ್ಲಿ?" ಅಂದೆ. "ಮೊದಲೇ ಹತ್ತಿರಬೇಕು, ಒಳಗೆ ನೋಡಿ" ಅಂದರು. ಒಳಗೆ ಇರಲಿಲ್ಲ. "ಹಾಗಾದರೆ ಇನ್ನೊಂದು ಬೋಟ್‌ನವರ ದೋಣಿಗೆ ಹತ್ತಿರಬಹುದು" ಅಂದರು. ಅಷ್ಟರಲ್ಲಿ ದೋಣಿ ತಿರುಗಿ ದೊಡ್ಡ ಬೋಟ್ ಕಡೆಗೆ ಹೊರಟಿತ್ತು. ನಾನು ಎಷ್ಟು ಜೋರಾಗಿ ಕಿರುಚಿದೆ ಅಂದರೆ ಎರಡು ದಿನ ಗಂಟಲು ಬಿದ್ದುಹೋಗಿತ್ತು.

ಯಾರು ಹತ್ತಿದರು, ಯಾರು ಹತ್ತಿಲ್ಲ ಎಂದು ಎಣಿಸಲು ಆ ದೋಣಿಯಲ್ಲಿ ಒಂದು ಹಾಳೆಯೂ ಇರಲಿಲ್ಲ. ಹೆಸರು ಕೂಗುವ ಪದ್ಧತಿಯೂ ಇರಲಿಲ್ಲ. ಒಂಬತ್ತು ಜನ ಇಳಿದರು, ಒಂಬತ್ತು ಜನ ಹತ್ತಿದರಾ? ಬೆರಳು ಮಡಚಿ ಎಣಿಸುವಷ್ಟು ಸುಲಭದ ಕೆಲಸ ಅದು.

ಎಂಜಿನ್ ವಿಭಾಗದ ಒಬ್ಬ ಹುಡುಗ ತಾನಾಗಿಯೇ ಚಾವಣಿ ಹತ್ತಿ ಪೂರ್ವಕ್ಕೆ ನೋಡಿದ. ಸೂರ್ಯ ಕಣ್ಣಿಗೆ ಹೊಡೆಯುತ್ತಿತ್ತು. ಅಲೆಗಳ ಮಧ್ಯೆ ಕಿತ್ತಳೆ ಚುಕ್ಕಿ ಕಂಡಿದ್ದು ಅವನಿಗೆ. ಎರಡು ಕಿಲೋಮೀಟರ್ ದೂರ ಇರಬಹುದು ಎಂದು ಆಮೇಲೆ ದೋಣಿ ನಡೆಸುವವರು ಹೇಳಿದರು. 7:50ರ ಹೊತ್ತಿಗೆ ಅವಳನ್ನು ಮೇಲೆ ಎತ್ತಿದೆವು. ಆ ಹುಡುಗನ ಋಣ ನಮ್ಮ ಮನೆ ಮೇಲೆ ಯಾವತ್ತೂ ಇರುತ್ತದೆ.

ಅವಳಿಗೆ ವಾಂತಿ, ವಿಪರೀತ ತಲೆನೋವು. ಅಷ್ಟು ಆಳದಿಂದ ಬಂದವರಲ್ಲಿ ಇಂಥ ಲಕ್ಷಣ ಕಂಡರೆ, ಮೈಯಲ್ಲಿ ನೈಟ್ರೋಜನ್ ಗುಳ್ಳೆ ಏಳುವ ಡೈವಿಂಗ್ ಕಾಯಿಲೆಯ ಅನುಮಾನ ಇದ್ದರೂ ಸಾಕು, ಮೊದಲು ಶುದ್ಧ ಆಕ್ಸಿಜನ್ ಕೊಡಬೇಕು. ಅದಕ್ಕೆ ಚಿಕಿತ್ಸೆ ಕೊಡುವ ಪ್ರೆಶರ್ ಚೇಂಬರ್ ಇರುವುದು ದೂರದ ಬಂಡೋಸ್ ದ್ವೀಪದಂಥ ಜಾಗದಲ್ಲಿ. ಅಲ್ಲಿಗೆ ತಲುಪುವ ತನಕ ಜೀವ ಹಿಡಿದಿಡುವುದೇ ಆಕ್ಸಿಜನ್. ಹಸಿರು ಪೆಟ್ಟಿಗೆ ತಂದರು. ತೆರೆದರೆ ಮೀಟರ್ ಮುಳ್ಳು ಸೊನ್ನೆಯಲ್ಲಿತ್ತು. ಅದರ ಫೋಟೋ ಕಳಿಸುತ್ತಿದ್ದೇನೆ. ಸಂಜೆ ಹೊತ್ತಿಗೆ ಅವಳು ಸುಧಾರಿಸಿಕೊಂಡಳು, ರಾಜಧಾನಿ ಮಾಲೆಯ ವೈದ್ಯರು ಫೋನಿನಲ್ಲಿ ಧೈರ್ಯ ಹೇಳಿದರು. ಅದು ನಮ್ಮ ಅದೃಷ್ಟ. ನಿಮ್ಮ ವ್ಯವಸ್ಥೆಯಿಂದ ಆದದ್ದಲ್ಲ.

ಆ ರಾತ್ರಿ ನೀವು ಕೊಟ್ಟಿದ್ದ ವಿಮೆಯ ಕಾಗದ ತೆಗೆದು ಓದಿದೆ. ನಿಮ್ಮ ಬಿಲ್‌ನಲ್ಲಿ "ಪ್ರವಾಸ ವಿಮೆ ಸೇರಿದೆ" ಎಂದಿದೆ. ಪಾಲಿಸಿಯ ನಾಲ್ಕನೇ ಪುಟದಲ್ಲಿ ಸ್ಕೂಬಾ ಡೈವಿಂಗ್‌ಗೆ ಇದು ಅನ್ವಯಿಸುವುದಿಲ್ಲ ಎಂದು ಚಿಕ್ಕ ಅಕ್ಷರದಲ್ಲಿದೆ. ಡೈವಿಂಗ್ ಪ್ರವಾಸಕ್ಕೆ ಡೈವಿಂಗ್ ಬಿಟ್ಟು ಮಿಕ್ಕಿದ್ದಕ್ಕೆಲ್ಲ ವಿಮೆ ಕೊಟ್ಟಿದ್ದೀರಿ.

ನಿಮ್ಮ ಕಚೇರಿಯದ್ದೇ ಇನ್ನೊಂದು ತಪ್ಪು. ನೀವು ಮಾಡಿಕೊಟ್ಟ ಪಟ್ಟಿಯಲ್ಲಿ ಕೊನೆಯ ಡೈವ್ 14ರ ಸಂಜೆ 4ಕ್ಕೆ. ನೀವೇ ಬುಕ್ ಮಾಡಿದ ವಿಮಾನ 15ರ ಬೆಳಿಗ್ಗೆ 8ಕ್ಕೆ. ಮಧ್ಯೆ ಇರುವುದು 16 ಗಂಟೆ, ಡೈವ್ ಮುಗಿಸಿ ಮೇಲೆ ಬರುವ ಹೊತ್ತು ಕಳೆದರೆ ಇನ್ನೂ ಕಡಿಮೆ. ವಿಮಾನದಲ್ಲಿ ಗಾಳಿಯ ಒತ್ತಡ ಕಡಿಮೆ ಇರುವುದರಿಂದ ಅದೇ ಡೈವಿಂಗ್ ಕಾಯಿಲೆ ಬರಬಹುದು, ದಿನಗಟ್ಟಲೆ ಡೈವ್ ಮಾಡಿದವರು ವಿಮಾನ ಹತ್ತುವ ಮುಂಚೆ ಕನಿಷ್ಠ 18 ಗಂಟೆ ಬಿಡಬೇಕು ಎಂದು ನಮಗೆ ಮೊದಲ ಕೋರ್ಸ್‌ನಲ್ಲೇ ಹೇಳಿಕೊಟ್ಟಿದ್ದಾರೆ. ನಾನು ಅವತ್ತು ಇಳಿಯಲಿಲ್ಲ. ಬೇರೆ ಐದು ಜನ ಇಳಿದರು.

ನೈಟ್ರಾಕ್ಸ್‌ಗೆ, ಅಂದರೆ ಮಾಮೂಲಿಗಿಂತ ಹೆಚ್ಚು ಆಕ್ಸಿಜನ್ ಇರುವ ಸಿಲಿಂಡರ್ ಗಾಳಿಗೆ, ಬೇರೆ ಹಣ ತೆಗೆದುಕೊಂಡಿರಿ. ಸಿಲಿಂಡರ್‌ನಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ಬಳಸುವವರೇ ಅಳೆದು ಬರೆದುಕೊಳ್ಳಬೇಕು. ಅಳೆಯುವ ಯಂತ್ರ ಮೂರನೇ ದಿನ ಕೆಟ್ಟಿತು, ರಿಪೇರಿ ಆಗಲಿಲ್ಲ. ರಾತ್ರಿ ಎಲ್ಲರ ಕ್ಯಾಮೆರಾ, ಟಾರ್ಚ್ ಬ್ಯಾಟರಿಗಳು ಮೆಟ್ಟಿಲ ಪಕ್ಕದ ಮೇಜಿನ ಮೇಲೆ ಚಾರ್ಜ್ ಆಗುತ್ತಿದ್ದವು. ಕೆಳಗಿನ ಕೋಣೆಗಳಿಂದ ಹೊರಗೆ ಬರಲು ನಮಗೆ ತೋರಿಸಿದ ದಾರಿ ಅದೊಂದೇ. ಕಾವಲಿಗೆ ಯಾರೂ ಎಚ್ಚರ ಇರುತ್ತಿರಲಿಲ್ಲ. 2019ರ ಸೆಪ್ಟೆಂಬರ್ 2ರಂದು ಕ್ಯಾಲಿಫೋರ್ನಿಯಾದಲ್ಲಿ ಕನ್ಸೆಪ್ಷನ್ ಎಂಬ ಡೈವ್ ಬೋಟ್‌ಗೆ ನಸುಕಿನಲ್ಲಿ ಬೆಂಕಿ ಬಿದ್ದು ಕೆಳಗೆ ಮಲಗಿದ್ದ 34 ಜನ ಸತ್ತರು. ಅಲ್ಲೂ ರಾತ್ರಿ ಕಾವಲು ಇರಲಿಲ್ಲ. 13ರ ನಂತರ ಉಳಿದ ಎರಡು ರಾತ್ರಿ ನಾನು ಮತ್ತು ಮಗಳು ಮೇಲಿನ ಡೆಕ್‌ನಲ್ಲಿ ಮಲಗಿದೆವು.

ಊರಿಗೆ ಬಂದ ಮೇಲೆ ನಿಮಗೆ ಫೋನ್ ಮಾಡಿದೆ. ವಾಟ್ಸಾಪ್‌ನಲ್ಲಿ ಬಂದ ಉತ್ತರ ಇದು: "ಬೋಟ್‌ನಲ್ಲಿ ಆಗುವುದು ಬೋಟ್‌ನವರ ಜವಾಬ್ದಾರಿ. ನಾವು ಬುಕಿಂಗ್ ಮಾತ್ರ ಮಾಡುತ್ತೇವೆ. ಮುಂದಿನ ಪ್ರವಾಸಕ್ಕೆ 10 ಪರ್ಸೆಂಟ್ ರಿಯಾಯಿತಿ ಕೊಡಬಹುದು." ನಾನು ಹಣ ಕಟ್ಟಿದ್ದು ನಿಮಗೆ. ಬಿಲ್ ಇರುವುದು ನಿಮ್ಮ ಹೆಸರಿನಲ್ಲಿ. "ಈಸಿ ಡೈವ್" ಎಂದು ಹೇಳಿದ್ದು ನಿಮ್ಮ ಸಿಬ್ಬಂದಿ. ವಿಮೆ, ವಿಮಾನ ಎರಡೂ ನಿಮ್ಮ ಕೆಲಸ. ಬೋಟ್ ಆರಿಸಿದ್ದೂ ನೀವೇ. ಆ ರಿಯಾಯಿತಿ ನನಗೆ ಬೇಡ.

1998ರ ಜನವರಿ 25ರಂದು ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಟಾಮ್ ಮತ್ತು ಐಲೀನ್ ಲೋನರ್ಗನ್ ಎಂಬ ಅಮೆರಿಕದ ದಂಪತಿಯನ್ನು ನೀರಿನಲ್ಲೇ ಬಿಟ್ಟು ಡೈವ್ ಬೋಟ್ ದಡಕ್ಕೆ ಬಂತು. ತಲೆ ಎಣಿಸುವಾಗ ತಪ್ಪಾಗಿತ್ತು. ಅವರು ಬಂದಿಲ್ಲ ಅನ್ನುವುದು ಎರಡು ದಿನದ ಮೇಲೆ ಗೊತ್ತಾಯಿತು. ಅವರು ಸಿಗಲೇ ಇಲ್ಲ. ಆಮೇಲೆ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಎಣಿಕೆಯ ನಿಯಮ ಬಿಗಿ ಮಾಡಿದರು. ಡೈವಿಂಗ್ ವ್ಯಾಪಾರದಲ್ಲಿ ಇರುವ ನಿಮಗೆ ಈ ಕಥೆ ಗೊತ್ತಿಲ್ಲದೆ ಇರುವುದಿಲ್ಲ. ಅಂಥ ಇನ್ನೊಂದು ಸುದ್ದಿ ನನ್ನ ಮಗಳ ಹೆಸರಿನಲ್ಲಿ ಬರುವುದು ಸ್ವಲ್ಪದರಲ್ಲಿ ತಪ್ಪಿದೆ.

ನಾನು ಕೇಳುವುದು ಇಷ್ಟು. ಮಗಳ ಪಾಲಿನ 1,85,000 ರೂಪಾಯಿ ಮತ್ತು ಇಬ್ಬರ ನೈಟ್ರಾಕ್ಸ್ ಹಣವನ್ನು ಪೂರ್ತಿ ವಾಪಸ್ ಕೊಡಿ. ನನ್ನ ಪಾಲನ್ನು ಕೇಳುತ್ತಿಲ್ಲ, ನಾಲ್ಕು ದಿನ ಆ ಬೋಟ್‌ನವರು ನನಗೆ ಒಳ್ಳೆಯ ಸೇವೆ ಕೊಟ್ಟಿದ್ದಾರೆ. ಇನ್ನು ಮುಂದೆ ನೀವು ಕಳಿಸುವ ಪ್ರತಿ ಬೋಟ್‌ನಲ್ಲೂ ಪ್ರತಿ ಡೈವ್‌ಗೆ ಮುಂಚೆ ಮತ್ತು ನಂತರ ಹೆಸರು ಕೂಗಿ, ಸಹಿ ಹಾಕಿಸುವ ಹಾಳೆ ಇರಬೇಕು. ಡೈವ್ ಮುಗಿಯುವ ತನಕ ದೋಣಿಯ ಮೇಲೆ ಒಬ್ಬರು ನೀರು ನೋಡುತ್ತಾ ನಿಲ್ಲಬೇಕು. ಹೊರಡುವ ದಿನ ಆಕ್ಸಿಜನ್ ಸಿಲಿಂಡರ್ ತುಂಬಿದೆ ಎಂದು ಪ್ರಯಾಣಿಕರಿಗೇ ತೆರೆದು ತೋರಿಸಬೇಕು. ಇದಕ್ಕೆ ಒಪ್ಪಿಗೆಯನ್ನು ಬೋಟ್‌ನವರಿಂದ ಬರೆಸಿಕೊಂಡು ನನಗೊಂದು ಪ್ರತಿ ಕಳಿಸಿ. ಹಣಕ್ಕಿಂತ ನನಗೆ ಇದು ಮುಖ್ಯ.

ಈ ಪತ್ರ ತಲುಪಿದ 15 ದಿನದ ಒಳಗೆ ಲಿಖಿತ ಉತ್ತರ ಬರಲಿ. ಬರದಿದ್ದರೆ ಗ್ರಾಹಕ ರಕ್ಷಣಾ ಕಾಯ್ದೆ 2019ರ ಪ್ರಕಾರ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ. ನಾನು ವಾಸ ಇರುವ ಊರಿನಲ್ಲೇ ಅದನ್ನು ಸಲ್ಲಿಸಬಹುದು, ಎರಡು ವರ್ಷದ ಕಾಲಾವಕಾಶವೂ ಇದೆ. ಸುಮ್ನೆ ಹೆದರಿಸಲು ಹೇಳುತ್ತಿಲ್ಲ. ಕಾಗದಗಳನ್ನೆಲ್ಲ ಜೋಡಿಸಿ ಇಟ್ಟಿದ್ದೇನೆ.

ನಿಮ್ಮ ಮುಂದಿನ ತಂಡ ಇದೇ ಬೋಟ್‌ನಲ್ಲಿ ಮಾರ್ಚ್ 22ಕ್ಕೆ ಹೊರಡುತ್ತದೆ ಎಂದು ನಿಮ್ಮ ಜಾಹೀರಾತಿನಲ್ಲಿ ನೋಡಿದೆ. ಅದರಲ್ಲಿ ಓಪನ್ ವಾಟರ್ ಕಾರ್ಡ್ ಮಾತ್ರ ಇರುವವರು ಎಷ್ಟು ಜನ ಇದ್ದಾರೋ ಅವರಿಗೆ ಇವತ್ತೇ ಫೋನ್ ಮಾಡಿ, ಕಂಡುಗಳಲ್ಲಿ ಸೆಳೆತ ಹೇಗಿರುತ್ತದೆ ಎಂದು ಇರುವ ಹಾಗೆ ಹೇಳಿ. ನನಗೆ ಉತ್ತರ ಬರೆಯುವುದು ಅದಾದ ಮೇಲೆ ಆಗಲಿ.

ಇಂತಿ,
ನಿಮ್ಮ ಗ್ರಾಹಕಿ
(ಸಹಿ)

ಜೊತೆಗೆ ಇಟ್ಟಿರುವುದು: ಬಿಲ್, ನವೆಂಬರ್‌ನಲ್ಲಿ ತುಂಬಿದ ಫಾರಂ, ವಿಮೆಯ ನಾಲ್ಕನೇ ಪುಟ, ಇಬ್ಬರ ಡೈವ್ ಕಂಪ್ಯೂಟರ್ ದಾಖಲೆ, ಖಾಲಿ ಆಕ್ಸಿಜನ್ ಮೀಟರ್‌ನ ಫೋಟೋ, ವಾಟ್ಸಾಪ್ ಸಂದೇಶಗಳ ಪ್ರತಿ.